ಲಂಕೆಗೆ ಹೊರಟ ರಸಮಟ್ಟ

11 ಜನವರಿ 2016, ಸೋಮವಾರ

ಇಂದಿನ ಸೇವೆ: ಇನ್‌ಸ್ಪೆಕ್ಷನ್ನಿನ ಪಂಚಾಕ್ಷರಿಯ ಫೋನಿಗೆ, ಕಬ್ಬಿಣದ ಉಬ್ಬುತಗ್ಗು ನೋಡಲು ಹಚ್ಚುವ ಮಾರ್ಕಿಂಗ್ ಬ್ಲೂ ಲೇಪನ. ತೆಳುವಾಗಿ, ಒಂದೇ ಬೆರಳಲ್ಲಿ, ಭಕ್ತಿಯಿಂದ. ಟೀ ಹೊತ್ತಿಗೆ ಅವನ ಬಲಗಿವಿ ನೀಲಿ. ಊಟದ ಹೊತ್ತಿಗೆ ಎಡಗಿವಿಯೂ. ಒಬ್ಬರೂ ಬಾಯಿ ಬಿಡಲಿಲ್ಲ. ಇಡೀ ಶಾಪ್ ಫ್ಲೋರು ಒಂದೇ ತಾಯಿಯ ಮಕ್ಕಳಂತೆ ಗುಟ್ಟು ಕಾಪಾಡಿತು. ನನ್ನ ಕಣ್ಣು ತೇವವಾಯಿತು.

ಮೂರು ಗಂಟೆಗೆ ಓನರ್ ದೇವರಾಜ್ ಸಾರ್ ಕರೆದರು. ನೀಲಿ ವಿಚಾರವೇ ಇರಬೇಕೆಂದು ಮುಖವನ್ನು ನಿರಪರಾಧಿ ಮಾಡಿಕೊಂಡು ಹೋದೆ. ಅದಲ್ಲ. ನಾವು ಕಳಿಸಿದ ಗ್ರೈಂಡಿಂಗ್ ಮಷಿನ್ ಹಡಗಿನಲ್ಲಿ ಕೊಲಂಬೊ ಮುಟ್ಟಿದೆಯಂತೆ. ಕೂರಿಸಿ, ಲೆವೆಲ್ ಮಾಡಿ, ಓಡಿಸಿ ತೋರಿಸಲು ಇಬ್ಬರು ಹೋಗಬೇಕು. ಸ್ಕ್ರೇಪಿಂಗ್ ವೆಂಕಟರಮಣಪ್ಪ, ಜೊತೆಗೆ ನಾನು. ಫೆಬ್ರವರಿ ಎಂಟು. ವಿಮಾನದಲ್ಲಿ.

ಹೊರಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು. ಪಂಚಾಕ್ಷರಿ ಎರಡೂ ನೀಲಿ ಕಿವಿಗಳ ಸಮೇತ ನಿಂತು ಘೋಷಿಸಿದ: “ನೋಡ್ರಪ್ಪ, ಹಣಮಂತನ್ನ ಲಂಕೆಗೆ ಕಳಿಸ್ತಿದಾರೆ. ನಿಂಗೆ ಟಿಕೆಟ್ ಬೇಕಾ ಗುರು, ಇಲ್ಲ ಹಾಗೇ ಜಂಪಾ?”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು.

ಮುಂದಿನದು ಈ ಪುಸ್ತಕಕ್ಕೆ ಮಾತ್ರ. ಒಂಬತ್ತು ವರ್ಷದವನಿದ್ದಾಗ ಬೆಟ್ ಕಟ್ಟಿ ನಮ್ಮೂರ ನೀರಿನ ಟಾಕಿ ಹತ್ತಿದ್ದೆ. ಹತ್ತುವುದು ಬಂತು. ಇಳಿಯುವುದು ಬರಲಿಲ್ಲ. ಕೊನೆಗೆ ಸೋದರಮಾವ ಬಂದು ಧೋತರದಲ್ಲಿ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಿದ. ಅವತ್ತಿನಿಂದ ರೂಮಿನ ತಾರಸಿಗೆ ಬಟ್ಟೆ ಒಣಹಾಕಲೂ ಹೋಗುವುದಿಲ್ಲ. ರೂಮಿನವರು ಸೋಮಾರಿ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ — ಸೋಮಾರಿತನಕ್ಕೆ ಒಂದು ಘನತೆ ಇದೆ.

ವಿಮಾನ ಟಾಕಿಗಿಂತ ಎತ್ತರ. ವಿಚಾರಿಸಿದೆ.

13 ಜನವರಿ

ವೆಂಕಟರಮಣಪ್ಪನವರು ಪಾಸ್‌ಪೋರ್ಟ್ ತಂದು ತೋರಿಸಿದರು. ಮೂರು ವರ್ಷದ ಹಿಂದೆಯೇ ಮಾಡಿಸಿ ಇಟ್ಟಿದ್ದಾರೆ, ರೇಷನ್ ಕಾರ್ಡಿನ ಜೊತೆ, ಬಿಸ್ಕತ್ತಿನ ಡಬ್ಬಿಯಲ್ಲಿ. ಒಂದು ಪುಟಕ್ಕೂ ಕಲೆ ಇಲ್ಲ. ಸ್ಕ್ರೇಪಿಂಗ್‌ನವರ ಕೈ ಅದು. ಎರಕದ ಕಬ್ಬಿಣದ ಮೈಗೆ ಬ್ಲೂ ಹಚ್ಚಿ, ಉಬ್ಬಿದ ಚುಕ್ಕಿಗಳನ್ನು ಉಳಿಯಿಂದ ಕೆರೆದು ಕೆರೆದು ಕನ್ನಡಿ ಹಾಗೆ ಸಮ ಮಾಡುವ ಕೈ. ಮೂವತ್ತನಾಲ್ಕು ವರ್ಷದಿಂದ ಅದೇ ಕೆಲಸ. ಮಾರ್ಚಿಗೆ ರಿಟೈರ್.

ಕಿಟಕಿ ಸೀಟು ಸಿಗುತ್ತಾ ಎಂದು ಕೇಳಿದರು. ಯಾಕೆ ಕಾಕಾ ಅಂದೆ. ಪೀಣ್ಯ ಇಂಡಸ್ಟ್ರಿ ಆಗುವ ಮೊದಲು ಇಲ್ಲಿ ಅವರ ಅಪ್ಪನ ಹೊಲ ಇತ್ತಂತೆ, ಕೆರೆಯ ಹಿಂದೆ. ಈಗ ಅಲ್ಲಿ ಯಾವ ಶೆಡ್ಡು ನಿಂತಿದೆಯೋ ರಸ್ತೆಯ ಮೇಲಿಂದ ಗುರುತು ಸಿಗುವುದಿಲ್ಲ. ಚಿಕ್ಕವರಿದ್ದಾಗ ಹೊಲದಲ್ಲಿ ನಿಂತು ಜಾಲಹಳ್ಳಿ ಕಡೆಯ ವಿಮಾನ ನೋಡುತ್ತಿದ್ದರಂತೆ. “ಒಂದ್ಸಲ ಆ ಕಡೆಯಿಂದ ಈ ಕಡೆ ನೋಡ್ಬೇಕು ಕಣ್ಲಾ ಅಣಮಂತ. ಅಷ್ಟೇಯ.”

ನಾನು ಡಿಪ್ಲೊಮಾ ಓದಿದವನು ಎಂಬ ಒಂದೇ ಕಾರಣಕ್ಕೆ ವಿಮಾನದ ಬಗ್ಗೆ ನನ್ನನ್ನೇ ಕೇಳುತ್ತಾರೆ. ಎಲ್ಲದಕ್ಕೂ ಉತ್ತರಿಸಿದೆ. ವಿಮಾನದ ಬಾಗಿಲನ್ನೂ ನೋಡಿಲ್ಲದ ತಜ್ಞ.

17 ಜನವರಿ, ಭಾನುವಾರ

ಗುಪ್ತ ಅಭ್ಯಾಸ. ಮೆಟ್ರೊ ಪೂರ್ತಿ ಕಂಬದ ಮೇಲೇ ಓಡುತ್ತದಲ್ಲ — ವಿಮಾನದ ಪಾಠಕ್ಕೆ ಒಂದನೇ ಕ್ಲಾಸು ಅಂದುಕೊಂಡೆ. ಪೀಣ್ಯ ಇಂಡಸ್ಟ್ರಿಯಿಂದ ಸಂಪಿಗೆ ರೋಡಿಗೆ ಟೋಕನ್ ತಗೊಂಡು ಹತ್ತಿದೆ. ಕಣ್ಣು ಮುಚ್ಚಿ, ಕಂಬಿ ಹಿಡಿದು ನಿಂತೆ. ಎದುರಿನ ಹೆಂಗಸು ನನಗೆ ಸೀಟು ಬಿಟ್ಟುಕೊಟ್ಟಳು, ಗರ್ಭಿಣಿಗೆ ಬಿಟ್ಟುಕೊಡುವ ಹಾಗೆ. ಯಶವಂತಪುರದಲ್ಲಿ ಇಳಿದು ಬಸ್ಸಿನಲ್ಲಿ ವಾಪಸ್.

ಫಲಿತಾಂಶ: ಅನುತ್ತೀರ್ಣ.

21 ಜನವರಿ

ಇಂದು ಮಹತ್ಕಾರ್ಯ.

ಟೀ ಹೊತ್ತಿನಲ್ಲಿ ವೆಂಕಟರಮಣಪ್ಪ ವಿಮಾನದ ರೆಕ್ಕೆ ಹೇಗೆ ನಿಲ್ಲುತ್ತೆ ಅಂದರು. ಬೋಲ್ಟು ಅಂದೆ. ಎಲ್ಲಿಯ ಬೋಲ್ಟು ಅಂದರು. ನನ್ನ ನಾಲಿಗೆ ನನ್ನ ಅಪ್ಪಣೆ ಕೇಳುವುದಿಲ್ಲ. ಗ್ಲಾಸು ಕೆಳಗಿಟ್ಟು, ದನಿ ತಗ್ಗಿಸಿ, ನಮ್ಮ ಪೀಣ್ಯ ಸೆಕೆಂಡ್ ಸ್ಟೇಜಿನದೇ ಎಂದೆ. ಹಿಂದಿನ ಬೀದಿಯಲ್ಲಿ ಬೋರ್ಡಿಲ್ಲದ ಒಂದು ಶೆಡ್ಡು, ಸರ್ಕಾರದ ಗುಟ್ಟು, ರಾತ್ರಿ ಪಾಳಿಯಲ್ಲಿ ಮಾತ್ರ ಕೆಲಸ.

ಅವರು ಕೇಳಿದ್ದು ಒಂದೇ ಪ್ರಶ್ನೆ: “ತಿಂಗಳ ಮೊದಲ ಲಾಟೋ, ಕೊನೇ ಲಾಟೋ?”

“ಕೊನೇದು ಕಾಕಾ.”

ತಿಂಗಳ ಕೊನೆಯ ಲಾಟು, ಕೊನೆಯ ಕಂತಿನ ಮಾಲು, ಅಂದರೆ ಏನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಲಾರಿ ಗೇಟಿನಲ್ಲಿ ನಿಂತಿರುತ್ತದೆ. ಅಳತೆ ಕೂದಲೆಳೆಯಷ್ಟು ತಪ್ಪಿದ್ದರೂ ಕಾಗದದ ಮೇಲೆ ‘ಡೀವಿಯೇಶನ್’ ಎಂದು ಬರೆದು, ಸೀಲು ಒತ್ತಿ, ಕಳಿಸುತ್ತಾರೆ. ಪಕ್ಕದಲ್ಲಿದ್ದ ಪಂಚಾಕ್ಷರಿ — ನಾನು ಹೇಳಿಕೊಟ್ಟಿರಲಿಲ್ಲ, ಆಣೆಗೂ — ಗಂಭೀರವಾಗಿ ತಲೆಯಾಡಿಸಿದ. ಆ ಸೀಲು ಒತ್ತುವವನು ಅವನೇ.

ವೆಂಕಟರಮಣಪ್ಪ ಅರ್ಧ ಟೀ ಹಾಗೇ ಬಿಟ್ಟು ಎದ್ದರು. ನನ್ನ ಜೀವಮಾನದ ಶ್ರೇಷ್ಠ ಸುಳ್ಳು.

22 ಜನವರಿ

ಅವರು ಕೆಲಸಕ್ಕೆ ಬಂದಿಲ್ಲ.

25 ಜನವರಿ, ಸೋಮವಾರ

ಬಂದರು. ನೇರ ಆಫೀಸಿಗೆ ಹೋಗಿ, ಮಂಡಿ ನೋವು, ಹೋಗಲಾರೆ ಎಂದರಂತೆ. ದೇವರಾಜ್ ಸಾರ್ ಬೇಜಾರು ಮಾಡಿಕೊಂಡರು. ನಿನ್ನೊಬ್ಬನಿಂದ ಆಗದಿದ್ದರೆ ಕೊಲಂಬೊದಲ್ಲೇ ಯಾರನ್ನಾದರೂ ಹುಡುಕೋಣ, ಬುಧವಾರದೊಳಗೆ ಹೇಳು ಎಂದು ನನಗೆ ಹೇಳಿದರು.

ಬರೆಯಲು ನಾಚಿಕೆ. ಮೊದಲು ಆದದ್ದು ಖುಷಿ. ‘ಆಗಲ್ಲ ಸಾರ್’ ಅಂದರೆ ಮುಗಿಯಿತು, ನೆಲದ ಮೇಲೇ ಇರಬಹುದು.

ಮಧ್ಯಾಹ್ನ ಗೇಟಿನ ಹತ್ತಿರ ಅವರ ಹೆಂಡತಿ ಕಮಲಮ್ಮ ಸಿಕ್ಕರು. ಮರೆತು ಬಂದ ಊಟದ ಡಬ್ಬಿ ತಂದಿದ್ದರು. “ಯಾಕಪ್ಪ ಇವ್ರು ಇಂಗಾದ್ರು? ಬೀದಿಗೆಲ್ಲ ಏಳ್ಕೊಂಡ್ ಬಂದಿದ್ರು. ಈಗ ಆ ಪಾಸ್‌ಪೋರ್ಟ್ ಪುಸ್ತಕಾನ ತಿರ್ಗಾ ಡಬ್ಬಿಗ್ ಆಕಿ, ಸಂಜೆ ಆದ್ರೆ ಅಂಗಳದಾಗೆ ನಿಂತ್ಕೊಂಡು ಮ್ಯಾಕ್ ನೋಡ್ತಾರೆ.”

ಮಂಡಿ ನೋವಿನವರು ಅಂಗಳದಲ್ಲಿ ನಿಲ್ಲುವುದಿಲ್ಲ. ಮಾರ್ಚಿನ ನಂತರ ಅವರನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ.



26 ಜನವರಿ

ರಜೆ. ಅವರ ಮನೆಗೆ ಹೋದೆ. ಬೋಲ್ಟಿನ ಮಾತು ಸುಳ್ಳರಿ ಕಾಕಾ, ನಾನ ಕಟ್ಟಿದ್ದು, ಅಂದೆ.

“ನೀನು ಸುಳ್ಳ ಅಂತ ನಂಗೊತ್ತು. ಅದ್ಕೇ ಈಗ ಏಳ್ತಿರೋದ್ನ ನಂಬಲ್ಲ. ಮುದುಕನ್ನ ಸಮಾಧಾನ ಮಾಡಿ ಕರ್ಕೊಂಡೋಗಕ್ಕೆ ಬಂದಿದೀಯ.”

ಆಣೆ ಮಾಡಿದೆ. ಹೋದ ವರ್ಷ ಇದೇ ಆಣೆ ಮಾಡಿ ಅವರ ಚಪ್ಪಲಿಗೆ ಗ್ರೀಸ್ ಹಾಕಿದ್ದನ್ನು ನೆನಪಿಸಿದರು. ಪಂಚಾಕ್ಷರಿಗೆ ಫೋನ್ ಹಚ್ಚಿ ಕೊಟ್ಟೆ. ಇಬ್ಬರೂ ಸೇರಿಕೊಂಡಿದ್ದೀರಿ ಅಂದರು. ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ ನನ್ನ ಕೀರ್ತಿ ಗೋಡೆಯಂತೆ ಎದುರು ನಿಂತಿತ್ತು.

ಹೇಳದೆ ಉಳಿದದ್ದು ಒಂದೇ. ಅದನ್ನೂ ಹೇಳಿದೆ. ಟಾಕಿ, ಸೋದರಮಾವ, ಧೋತರ, ಯಶವಂತಪುರದಲ್ಲಿ ಇಳಿದದ್ದು. “ಅಂಜಿಕಿ ನಂದರಿ ಕಾಕಾ. ನನ್ನ ತಲ್ಯಾಗ ಇದ್ದದ್ದನ್ನ ನಿಮ್ಮ ತಲಿಗೆ ಹಾಕಿದೆ.”

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಟಾಕಿಯ ಮೇಲೆ ಎಷ್ಟು ಹೊತ್ತು ಇದ್ದೆ ಎಂದರು. ಮಧ್ಯಾಹ್ನ ಪೂರ್ತಿ ಎಂದೆ.

“ಮೇಲಿಂದ ಏನ್ ಕಾಣ್ತು?”

“ಕಣ್ಣ ತೆರದಿಲ್ಲರಿ.”

“ಅಷ್ಟೆತ್ತರ ಅತ್ತಿ, ಕಣ್ಣ್ ಬಿಡ್ಲಿಲ್ವಾ?” ಎಂದರು. ನನಗೆ ಏನೋ ದೊಡ್ಡ ನಷ್ಟ ಆಗಿದೆ ಎಂಬಂತೆ ನೋಡಿದರು. ಆಮೇಲೆ ಎದ್ದು ಒಳಗಿನಿಂದ, ಮಷಿನ್ನಿನ ಮಟ್ಟ ನೋಡುವ ಹಿತ್ತಾಳೆಯ ಪುಟ್ಟ ರಸಮಟ್ಟ ತಂದರು. ನಾಲ್ಕೇ ಇಂಚು. ಗಾಜಿನ ಕೊಳವೆಯಲ್ಲಿ ಹಸಿರು ದ್ರವ, ಒಳಗೊಂದು ಗುಳ್ಳೆ. ಕೆಲಸಕ್ಕೆ ಸೇರಿದ ವರ್ಷ ಅವರ ಗುರುಗಳು ಕೊಟ್ಟದ್ದಂತೆ.

“ನೀನು ಸುಳ್ಳೇಳ್ತೀಯ. ಪಂಚಾಕ್ಷರಿ ಸೀಲೂ ಸುಳ್ಳೇಳ್ತೈತೆ. ಇದು ಏಳಲ್ಲ. ಮೇಲೆ ಇಟ್ಟು ನೋಡಾಣ. ಗುಳ್ಳೆ ನಡೂಮಧ್ಯ ನಿಂತ್ರೆ ಸರಿ.”

“ನಿಲ್ಲಲಿಲ್ಲಂದ್ರ?”

“ಇಳ್ದುಬಿಡಾಣ.”

ಅಷ್ಟು ಗಂಭೀರವಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

31 ಜನವರಿ, ಭಾನುವಾರ

ಇಬ್ಬರೂ ಹೋಗುತ್ತೇವೆಂದು ಬುಧವಾರವೇ ದೇವರಾಜ್ ಸಾರ್‌ಗೆ ಹೇಳಿಯಾಗಿದೆ. ಇಂದು ಇಬ್ಬರೂ ಮೆಟ್ರೊದಲ್ಲಿ. ಸಂಪಿಗೆ ರೋಡ್ ತನಕ, ವಾಪಸ್ ಕೂಡ. ಅವರು ಸೀಟಿನ ಮೇಲೆ ರಸಮಟ್ಟ ಇಟ್ಟು ತಿರುವು ಬಂದಾಗಲೆಲ್ಲ ವರದಿ ಕೊಟ್ಟರು. ನಾನು ಗುಳ್ಳೆ ನೋಡುತ್ತಾ ಕಣ್ಣು ತೆರೆದಿದ್ದೆ. ಹೊರಗೆ ನೋಡಲಿಲ್ಲ — ಒಂದೇ ಸಲ, ರಾಜಾಜಿನಗರದಲ್ಲಿ. ಯಾರದೋ ತಾರಸಿಯ ಮೇಲೆ ಹಪ್ಪಳ ಒಣಗುತ್ತಿತ್ತು. ಮೇಲಿಂದ ಹಪ್ಪಳ ಎಷ್ಟು ದುಂಡಗೆ ಕಾಣುತ್ತದೆ.

8 ಫೆಬ್ರವರಿ, ಬೆಳಿಗ್ಗೆ 8.10 — ಏರ್‌ಪೋರ್ಟ್

ಸೆಕ್ಯೂರಿಟಿಯವನು ರಸಮಟ್ಟ ಹಿಡಿದ. ತಿರುಗಿಸಿ ಮುರುಗಿಸಿ ನೋಡಿದ. ಹಿಂದಿಯಲ್ಲಿ ಏನೋ ಕೇಳಿದ. ವೆಂಕಟರಮಣಪ್ಪ ಉತ್ತರ ಕೊಡದೆ ಅದನ್ನು ಅವನ ಮೇಜಿನ ಮೇಲೆ ಇಟ್ಟರು. ಗುಳ್ಳೆ ಪಕ್ಕಕ್ಕೆ ಹೋಯಿತು.

“ಟೇಬಲ್ಲು ಎಡಗಡೆ ತಗ್ಗೈತೆ ಸಾರ್.”

ಅವನಿಗೆ ಭಾಷೆ ತಿಳಿಯಲಿಲ್ಲ, ವಿಷಯ ತಿಳಿಯಿತು. ಬಗ್ಗಿ ಮೇಜಿನ ಕಾಲು ನೋಡಿದ. ಇನ್ನೊಬ್ಬನನ್ನು ಕರೆದು ತೋರಿಸಿದ. ರಸಮಟ್ಟವನ್ನು ಎರಡೂ ಕೈಯಲ್ಲಿ ವಾಪಸ್ ಕೊಟ್ಟ.

 

9.50

ಒಳಗೆ. ಎಡಗಡೆ ಸೀಟು. ಕಿಟಕಿ ಅವರದು ಅಂತ ಮಾತಾಗಿತ್ತು. ಕೂತ ಮೇಲೆ ಗೊತ್ತಾಯಿತು, ಅವರ ದೂರದ ಕನ್ನಡಕ ಮೇಲೆ ಇಟ್ಟ ಬ್ಯಾಗಿನಲ್ಲಿದೆ. ಏಳಲು ಹೋದರೆ ಗಗನಸಖಿ ಬೇಡ ಎಂದಳು, ವಿಮಾನ ಆಗಲೇ ಕದಲುತ್ತಿತ್ತು. ಮೂವತ್ತನಾಲ್ಕು ವರ್ಷ ಗೇಣು ದೂರದಲ್ಲಿ ಕಬ್ಬಿಣ ನೋಡಿದ ಕಣ್ಣು. ದೂರದ್ದೆಲ್ಲ ಮಂಜು.

“ನೀನೇ ಈ ಕಡೆ ಕೂತ್ಕೊ ಮಗಾ. ನೋಡಿ ಏಳು.”

ನಾನು. ಕಿಟಕಿ. ಕೆಳಗೆ ನೋಡಿ ಹೇಳಬೇಕು.

ಗಗನಸಖಿ ಆಚೆ ತಿರುಗಿದಾಗ ಜಾಗ ಬದಲಾಯಿಸಿದೆವು. ಅವರು ಬೋರ್ಡಿಂಗ್ ಪಾಸಿನ ಚೂರು ಮಡಚಿ, ನಮ್ಮಿಬ್ಬರ ನಡುವಿನ ಕೈಯಾಸರೆಯ ಮೇಲೆ ರಸಮಟ್ಟವನ್ನು ಅಡ್ಡಲಾಗಿ ಇಟ್ಟು, ಒಂದು ಬದಿಗೆ ಆ ಕಾಗದ ಕೊಟ್ಟು ಗುಳ್ಳೆಯನ್ನು ನಡುವೆ ನಿಲ್ಲಿಸಿದರು. ಮಷಿನ್ ಕೂರಿಸುವಾಗ ಮಾಡುವ ಹಾಗೆಯೇ. ಯಾವ ಅವಸರವೂ ಇಲ್ಲದೆ.

10.35

ಬದುಕಿದ್ದೇನೆ. ಕ್ರಮವಾಗಿ ಬರೆಯಬೇಕು.

ಓಡಿತು. ಸೀಟು ಬೆನ್ನಿಗೆ ಒತ್ತಿತು. ನೆಲದ ಸದ್ದು ನಿಂತಿತು — ಅಷ್ಟೇ. ಇದ್ದಕ್ಕಿದ್ದಂತೆ ನೆಲಕ್ಕೆ ಸದ್ದಿಲ್ಲ. ಕಣ್ಣು ಮುಚ್ಚಿದ್ದೆ. ಅವರು ಹೆಸರು ಹಿಡಿದು ಕರೆದರು. ತೆರೆದೆ.

ಆಗ ವಿಮಾನ ಎಡಕ್ಕೆ ಹೊರಳಿತು. ಕಿಟಕಿಯಲ್ಲಿ ಆಕಾಶ ಇರಬೇಕಾದ ಕಡೆ ಭೂಮಿ ಗೋಡೆಯ ಹಾಗೆ ಎದ್ದು ನಿಂತಿತು. ಬಿದ್ದೆವು ಅಂದುಕೊಂಡೆ. ರಸಮಟ್ಟ ನೋಡಿದೆ.

ಗುಳ್ಳೆ ನಡುವೆ.

ಅಷ್ಟು ವಾಲಿದೆ, ಆದರೂ ನಡುವೆ. ಕೂದಲೆಳೆ ಅತ್ತಿತ್ತ ಇಲ್ಲ. ವಾಲಿ ತಿರುಗುವಾಗ ಭಾರ ನೇರ ಸೀಟಿನ ಕಡೆಗೇ ಒತ್ತುತ್ತದೆ, ಅದಕ್ಕೇ ಹೀಗೆ ಎಂದು ಡಿಪ್ಲೊಮಾದಲ್ಲಿ ಓದಿದ್ದೇನೆ, ಬರೆದು ಪಾಸೂ ಆಗಿದ್ದೇನೆ. ಓದುವುದು ಬೇರೆ. ಇಡೀ ಲೋಕ ಓರೆಯಾಗಿ, ಬೆರಳುದ್ದದ ಗಾಜಿನೊಳಗೆ ಒಂದು ಗುಳ್ಳೆ ಮಾತ್ರ ಏನೂ ಆಗಿಲ್ಲ ಎಂದು ಕೂತಿರುವುದನ್ನು ನೋಡುವುದು ಬೇರೆ. ವೆಂಕಟರಮಣಪ್ಪ ಅದರ ಮೇಲೆ ಬಗ್ಗಿ ನೋಡಿದರು. ಆಮೇಲೆ ತಮಗೇ ಹೇಳಿಕೊಂಡ ಹಾಗೆ: “ತಿಂಗಳ ಕೊನೇ ಲಾಟಲ್ಲ ಇದು.”

ನಾನು ಕಿಟಕಿಗೆ ಹಣೆ ಹಚ್ಚಿದೆ.

ತಗಡಿನ ಚಾವಣಿಗಳು. ನೂರಾರು, ಸಾವಿರಾರು. ಬಿಸಿಲಿಗೆ ಒಂದಾದ ಮೇಲೊಂದು ಮಿಂಚಿ ಆರುತ್ತಿದ್ದವು, ಸ್ಕ್ರೇಪ್ ಮಾಡಿದ ಮೈಯ ಚುಕ್ಕಿಗಳು ಬೆಳಕಿಗೆ ಮಿಂಚುವ ಹಾಗೆಯೇ. ನಡುವೆ ಮೆಟ್ರೊ ಸಾಲು, ದಾರದಷ್ಟು. ಅದಕ್ಕಾ ನಾನು ಹೆದರಿದ್ದು? ದಾರದ ಆಚೆ ಬೂದುಹಸಿರು ಒಂದು ಚೂರು.

ಕೆರೆ ಇರಬಹುದು. ಇಲ್ಲದಿರಬಹುದು. ‘ಅಗೋ, ನಿಮ್ಮ ಹೊಲ’ ಎಂದುಬಿಟ್ಟರೆ ಅವರಿಗೆ ಗೊತ್ತಾಗುವುದಿಲ್ಲ. ಇಷ್ಟು ಸುಲಭದ ಸುಳ್ಳು ನನಗೆ ಎಂದೂ ಸಿಕ್ಕಿರಲಿಲ್ಲ.

“ಕೆರಿ ಹಂಗ ಒಂದು ಕಾಣ್ತದರಿ ಕಾಕಾ. ಖರೇನ ಅದೇನ ಗೊತ್ತಿಲ್ಲ. ಅದರ ಹಿಂದ ನಾಕು ಶೆಡ್ಡು. ಒಂದರದು ನೀಲಿ ತಗಡು.”

“ಎಷ್ಟೈತೆ ಕೆರೆ?”

“ಉಗುರಷ್ಟು.”

ಅವರು ತಮ್ಮ ಹೆಬ್ಬೆರಳಿನ ಉಗುರನ್ನು ನೋಡಿಕೊಂಡರು. ಬ್ಲೂ ಕೂತು ಕೂತು ಇನ್ನು ಬಣ್ಣ ಹೋಗದ ಉಗುರು. “ನಿಜ ಏಳ್ತಿದೀಯ,” ಎಂದರು. ಉಗುರನ್ನೇ ನೋಡುತ್ತಾ ಕೂತರು, ಮೋಡ ಬರುವ ತನಕ.

11.15

ಮೋಡ ಮುಗಿಯಿತು. ಸೀಟ್‌ಬೆಲ್ಟಿನ ದೀಪ ಆರಿದ ಮೇಲೆ ಕನ್ನಡಕ ಇಳಿಸಿಕೊಟ್ಟೆ. ಈಗ ಇಬ್ಬರೂ ಒಂದೇ ಕಿಟಕಿಗೆ ಬಗ್ಗಿದ್ದೇವೆ.

ಕೆಳಗೆ ನೆಲ ಇಲ್ಲ. ಸಮುದ್ರ. ಇಬ್ಬರಿಗೂ ಮೊದಲ ಸಲ. ಅಂಚು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಒಂದು ಹಡಗು, ಅಕ್ಕಿ ಕಾಳಿನಷ್ಟು, ಹಿಂದೆ ಬಿಳಿ ಗೆರೆ ಬಿಟ್ಟುಕೊಂಡು. ನಮ್ಮ ಮಷಿನ್ನೂ ಹೀಗೇ ಹೋಗಿರಬೇಕು. ಹೊಟ್ಟೆಯಲ್ಲಿ ಟಾಕಿ ಇನ್ನೂ ಇದೆ, ಹೋಗಿಲ್ಲ. ಆದರೆ ಕಣ್ಣು ಮುಚ್ಚಿದರೆ ಇದು ತಪ್ಪಿಹೋಗುತ್ತದೆ.

ವೆಂಕಟರಮಣಪ್ಪ ಕನ್ನಡಕ ಒರೆಸಿ ಮತ್ತೆ ನೋಡಿದರು. ಮೂವತ್ತನಾಲ್ಕು ವರ್ಷದಲ್ಲಿ ಮೂರಡಿ ಕಬ್ಬಿಣಕ್ಕಿಂತ ದೊಡ್ಡದನ್ನು ಅವರು ಸಮ ಮಾಡಿಲ್ಲ. “ಇಷ್ಟುದ್ದಕ್ಕೂ ಒಂದೇ ಲೆವೆಲ್ಲು,” ಎನ್ನುತ್ತಿದ್ದಾರೆ. “ಯಾರ್ಲಾ ಮಾಡಿದ್ದು ಇದ್ನ?”

ಬಾಯಿಗೆ ಒಂದು ಉತ್ತರ ಬಂತು. ಒಳ್ಳೆಯದೇ ಇತ್ತು. ಹೇಳಲಿಲ್ಲ. ಪೆನ್ನು ಇಡುತ್ತೇನೆ, ಅಲ್ಲೊಂದು ಕಡೆ ನೀರಿನ ಬಣ್ಣ ಬದಲಾಗುತ್ತಿದೆ, ನೋಡಬೇಕು.