ನಿಮ್ಮ ಬ್ಯಾನರಿನ ಹಿಂದೆ ನನ್ನ ಅಮ್ಮ ನಿಂತಿದ್ದಳು

ವಿದೇಶ ಅಧ್ಯಯನ ಪ್ರವಾಸ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ಮೊದಲಿಗೆ ಕ್ಷಮಿಸಿ. ಮೊದಲ ವರ್ಷದವಳು ನಿರ್ದೇಶಕರಿಗೆ ಪತ್ರ ಬರೆಯುವುದೇ ಅಧಿಕಪ್ರಸಂಗ, ಅದನ್ನು ಊರೆಲ್ಲ ಓದುವ ಹಾಗೆ ಬರೆಯುವುದಂತೂ ಕೇಳಲೇಬೇಡಿ. ಆದರೆ ನಿಮ್ಮ ಕಚೇರಿಗೆ ಖುದ್ದಾಗಿ ಹೋದಾಗಲೆಲ್ಲ "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂಬ ಉತ್ತರ ಸಿಕ್ಕಿತು. ಹಾಸ್ಟೆಲಿನ ಅರ್ಧ ಇಂಗ್ಲಿಷ್, ಅಮ್ಮ ಫೋನಿನಲ್ಲಿ ಕಲಿಸಿದ ಅರ್ಧ ಕನ್ನಡ, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ದೂರು ಇಷ್ಟೇ: ನಾವು ನೋಡಿದ ಮೊದಲ ಕಂಪನಿಯಲ್ಲಿ ನಿಮ್ಮ ಭಾವಚಿತ್ರವಿರುವ ಬ್ಯಾನರನ್ನು ಒಂದು ಗಾಜಿಗೆ ಅಂಟಿಸಲಾಯಿತು. ಆ ಗಾಜಿನ ಆಚೆ ನನ್ನ ಅಮ್ಮ ನನ್ನನ್ನು ನೋಡಲು ನಿಂತಿದ್ದಳು.

ಆ ಕಂಪನಿ ಇಂಜೆಕ್ಷನ್ ಸೂಜಿ ಮಾಡುತ್ತದೆ. ಸೂಜಿಯ ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿ ಸೊಟ್ಟಗಿರುವುದನ್ನು ಆರಿಸಿ ತೆಗೆಯುವುದು ಅಮ್ಮನ ಕೆಲಸ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಹಾಸ್ಟೆಲಿಗೆ ಸೇರಿಸಿ ಆ ದೇಶಕ್ಕೆ ದುಡಿಯಲು ಹೋದವಳು, ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬಂದು ಹೋಗಿದ್ದಳು, ಅಷ್ಟೇ. ಪ್ರವಾಸದಲ್ಲಿ ಆ ಕಂಪನಿಯೂ ಇದೆ ಎಂದು ಗೊತ್ತಾದಾಗ ನಾನು ಕ್ಲಾಸಿನಿಂದ ಎದ್ದು ಓಡಿ ಹೋಗಿ ಅವಳಿಗೆ ಫೋನ್ ಮಾಡಿದ್ದೆ.

"ಊರಿಗೆ ಬಂದವಳು ನೀರಿಗೆ ಬರ್ದೇ ಇರ್ತಾಳಾ? ಬಾರೇ ಚಿನಕುರುಳಿ," ಅಂದಳು.

ಬರುವುದೇನೋ ಸರಿ. ಆದರೆ ಅವಳು ಕೆಲಸ ಮಾಡುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ, ಪಾಳಿಯ ನಡುವೆ ಅವಳೂ ಹೊರಗೆ ಬರುವಂತಿಲ್ಲ. ನೋಡಲು ಬಂದವರು ಮೇಲಿನ ಮಹಡಿಯ ಕಾರಿಡಾರಿನಲ್ಲಿ ನಡೆಯುತ್ತಾ, ನೆಲದಿಂದ ಸೂರಿನವರೆಗಿರುವ ಗಾಜಿನ ಮೂಲಕ ಕೆಳಗೆ ನೋಡಬೇಕು. ಕೆಳಗಿರುವ ಎಲ್ಲರೂ ಒಂದೇ ಥರ: ಬಿಳಿ ಅಂಗಿ, ಬಿಳಿ ಟೋಪಿ, ಮುಖಕ್ಕೆ ಮಾಸ್ಕ್.

"ನಿನ್ನ ಗುರುತು ಹೇಗಮ್ಮ ಹಿಡಿಯೋದು?"

"ಎರಡೂ ಕೈ ತಲೆ ಮೇಲಿಟ್ಕೊಂಡು ನಿಂತಿರ್ತೀನಿ. ಸ್ನಾನ ಮಾಡ್ಸೋವಾಗ ಕಣ್ಣಿಗೆ ಸೋಪ್ ಹೋಗುತ್ತೆ ಅಂತ ನೀನು ಹಾಗೇ ಕೂತ್ಕೋತಿದ್ದೆಯಲ್ಲ, ಹಾಗೆ. ನಮ್ಮ ಸೂಪರ್‌ವೈಸರ್ ಒಪ್ಪಿದಾಳೆ. ಅವಳಿಗೂ ಮಗಳಿದಾಳೆ ಕಣೇ."

ಗಮನಿಸಿ ಮಾನ್ಯರೇ, ಪರದೇಶದ ಕಂಪನಿ ಒಪ್ಪಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ನಮ್ಮ ಸಂಸ್ಥೆಗೆ ಒಂದು ಸಂಪ್ರದಾಯವಿದೆ. ಎಲ್ಲಿ ಕಾಲಿಟ್ಟರೂ ಮೊದಲು ಬ್ಯಾನರ್, ಮಿಕ್ಕಿದ್ದೆಲ್ಲ ಆಮೇಲೆ. ವಿಮಾನ ನಿಲ್ದಾಣದಲ್ಲಿ ಬ್ಯಾನರ್, ಹೋಟೆಲಿನ ಬಾಗಿಲಲ್ಲಿ ಬ್ಯಾನರ್, ತಿಂಡಿಯ ತಟ್ಟೆ ಹಿಡಿದು ನಿಂತಲ್ಲಿಯೂ ಬ್ಯಾನರ್. ಆ ಕಾರಿಡಾರಿನಲ್ಲಿ ಒಂದು ಕಡೆ ಸಾಲು ಬಾಗಿಲು, ಇನ್ನೊಂದು ಕಡೆ ಗಾಜು. ಗಾಜಿಗಾದರೆ ಟೇಪು ಗಟ್ಟಿಯಾಗಿ ಕೂರುತ್ತದೆ ಎಂದು ಪ್ರವಾಸದ ಉಸ್ತುವಾರಿ ಸರ್ ತೀರ್ಮಾನಿಸಿದರು.

"ಸರ್, ಒಂದ್ನಿಮಿಷ. ಕೆಳಗೆ ನಮ್ಮಮ್ಮ ಇದಾರೆ."

"ಹೌದಾ! ಯಾವ ಸೆಕ್ಷನ್ನಿಗೆ ಹೆಡ್ಡು?"

"ಹೆಡ್ ಅಲ್ಲ ಸರ್. ಲೈನಲ್ಲಿ ಕೆಲಸ."

"ಓ... ಸರಿ, ಫೋಟೋ ಆಗ್ಲಿ, ಆಮೇಲೆ ನೋಡ್ಕೊಳ್ಳಮ್ಮ. ಅಮ್ಮ ಎಲ್ಲಿ ಓಡಿ ಹೋಗ್ತಾರೆ?"

ಗಾಜಿಗೆ ಬೆನ್ನು ಹಾಕಿ ನಿಂತೆವು. ಆಗ ನಾವು 'ಮೈಕ್' ಎಂದು ಕರೆಯುವ, ಗಟ್ಟಿ ಗಂಟಲಿನ ಹುಡುಗ ಕೂಗಿದ: "ಸಾರ್, ಡೈರೆಕ್ಟರ್ ಮೂಗಿನ ಮೇಲೆ ಸುಕ್ಕು!" ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಒಂದು ಮೂಲೆ ಬಿಡಿಸಿ, ಎಳೆದು, ಮತ್ತೆ ಅಂಟಿಸಿದರು. ನಿಮ್ಮ ಮೂಗು ನೆಟ್ಟಗಾಗಿ, ನಾವು ಹಲ್ಲು ಕಿರಿದು, ಕಣ್ಣು ಮುಚ್ಚಿದವರಿಗಾಗಿ ಇನ್ನೊಮ್ಮೆ ಕಿರಿಯುವಷ್ಟರಲ್ಲಿ ಕೆಳಗೆ ವಿರಾಮದ ಗಂಟೆ ಹೊಡೆಯಿತು. ಬ್ಯಾನರ್ ಕಿತ್ತಾಗ ಕಂಡದ್ದು ಖಾಲಿ ಸ್ಟೂಲುಗಳು, ಮೇಜು ಒರೆಸುತ್ತಿದ್ದ ಒಬ್ಬ ಮನುಷ್ಯ.

ಪಾಳಿ ಮುಗಿಯುವವರೆಗೆ ಗೇಟಿನ ಹತ್ತಿರ ಕಾಯುತ್ತೇನೆ ಎಂದು ಬೇಡಿಕೊಂಡೆ. "ಗುಂಪು ಬಿಟ್ಟು ಯಾರೂ ಹೋಗಂಗಿಲ್ಲ, ಡೈರೆಕ್ಟರ್ ಆರ್ಡರ್," ಎಂದರು ಸರ್. ಬಸ್ಸು ಹೊರಟಿತು. ಮುಂದಿನ ಕಂಪನಿಯವರು ತಣ್ಣನೆಯ ಸಭಾಂಗಣದಲ್ಲಿ ಕೂರಿಸಿ, "ಇಲ್ಲಿ ನಾವೆಲ್ಲ ಒಂದೇ ಕುಟುಂಬ" ಎಂದು ಪರದೆಯ ಮೇಲೆ ತೋರಿಸಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಾನು ಅಮ್ಮನ ಪಾಳಿ ಮುಗಿಯಲು ಇನ್ನೆಷ್ಟು ಹೊತ್ತಿದೆ ಎಂದು ಗಡಿಯಾರ ನೋಡಿದೆ.

ಸಂಜೆ ಅಮ್ಮನೇ ಫೋನ್ ಮಾಡಿದಳು.

"ನೋಡ್ದೆ ಕಣೇ, ನೋಡ್ದೆ! ಎಷ್ಟು ಉದ್ದ ಆಗಿದೀಯೆ!"

"ಹೇಗೆ ನೋಡ್ದೆ? ಬ್ಯಾನರ್ ಇತ್ತಲ್ಲಮ್ಮ."

"ಅದರ ಕೆಳಗೆ ಕಾಲು ಕಾಣ್ತಿದ್ವಲ್ಲ, ಸಾಲಾಗಿ. ಅದ್ರಲ್ಲಿ ಒಬ್ಬಳು ಒಂದು ಪಾದದ ಮೇಲೆ ಇನ್ನೊಂದು ಇಟ್ಕೊಂಡು ನಿಂತಿದ್ಲು. ಚಿಕ್ಕೋಳಿದ್ದಾಗ ನಿಂತ್ಕೋತಿದ್ದೆಯಲ್ಲ, ಥೇಟ್ ಹಂಗೇ. ಗಂಟೆ ಹೊಡಿಯೋ ತನಕ ಅವೇ ಕಾಲು ನೋಡ್ತಾ ನಿಂತಿದ್ದೆ. ನೀನೇ ತಾನೇ?"

"ಹೌದಮ್ಮ, ನಾನೇ," ಎಂದೆ.

ಅದು ನಾನಲ್ಲ ಮಾನ್ಯರೇ. ಪಕ್ಕದಲ್ಲಿದ್ದ ಹುಡುಗಿ. ಹೊಸ ಶೂ ಕಚ್ಚಿ ಅವಳ ಹಿಮ್ಮಡಿ ಸುಲಿದಿತ್ತು. ನನ್ನ ಅಮ್ಮ ಇಷ್ಟು ವರ್ಷ ಕಾದು, ತಲೆಯ ಮೇಲೆ ಕೈ ಹೊತ್ತು ನಿಂತು, ಯಾರದೋ ಮಗಳ ಪಾದವನ್ನು ಕಣ್ತುಂಬ ನೋಡಿಕೊಂಡು ಹೋಗಿ ಊಟಕ್ಕೆ ಕೂತಳು. ನಾನು ಅವಳ ಕಡೆ ತಿರುಗಿಯೂ ಇರಲಿಲ್ಲ. ತಿರುಗಿದ್ದರೆ ಫೋಟೋ ಕೆಡುತ್ತಿತ್ತಲ್ಲವೇ?

ಆ ಫೋಟೋ ಈಗ ಸಂಸ್ಥೆಯ ಜಾಲತಾಣದಲ್ಲಿದೆ. ಅಡಿಯಲ್ಲಿ ಹೀಗೆ ಬರೆದಿದೆ: "ಉತ್ಪಾದನಾ ವಿಧಾನವನ್ನು ಪ್ರತ್ಯಕ್ಷವಾಗಿ ವೀಕ್ಷಿಸುತ್ತಿರುವ ನಮ್ಮ ವಿದ್ಯಾರ್ಥಿಗಳು." ವೀಕ್ಷಣೆಗೆ ಬೆನ್ನು ಕೊಟ್ಟು ನಿಂತವರನ್ನು ಹೀಗೆ ವರ್ಣಿಸಲು ಎಂಥ ಪ್ರತಿಭೆ ಬೇಕು! ನಾವು ಅಷ್ಟು ದೂರ ಹೋದದ್ದು ನೋಡುವುದಕ್ಕೋ, ನೋಡಿದೆವೆಂದು ತೋರಿಸುವುದಕ್ಕೋ?

ಉಸ್ತುವಾರಿ ಸರ್‌ಗೆ ಶಿಕ್ಷೆ ಕೊಡಿ ಎಂದು ನಾನು ಕೇಳುವುದಿಲ್ಲ. ಬ್ಯಾನರಿನ ಫೋಟೋ ಬರದಿದ್ದರೆ ಅವರನ್ನು ಕರೆದು ಕೇಳುವವರು ನೀವೇ ಎಂದು ಎಲ್ಲರಿಗೂ ಗೊತ್ತು. ಮುಂದಿನ ತಿಂಗಳು ಎರಡನೇ ತಂಡ ಅದೇ ಕಂಪನಿಗೆ ಹೋಗುತ್ತಿದೆ. ಅದಾದ ಮೇಲೆ ಅಮ್ಮನನ್ನು ಬೇರೆ ಊರಿನ ಘಟಕಕ್ಕೆ ಕಳಿಸುತ್ತಾರೆ, ಅಲ್ಲಿ ಹೊರಗಿನವರನ್ನು ಗಾಜಿನವರೆಗೂ ಬಿಡುವುದಿಲ್ಲ. ಆದ್ದರಿಂದ ನನ್ನನ್ನು ಆ ತಂಡದ ಜೊತೆ ಕಳಿಸಿ, ಲಗೇಜ್ ಹೊರುವ ಕೆಲಸಕ್ಕಾದರೂ ಸರಿ. ಪಾಳಿ ಮುಗಿದ ಮೇಲೆ ಗೇಟಿನ ಹೊರಗೆ ನಾವಿಬ್ಬರೂ ಒಂದು ಗಂಟೆ ಕೂರಲು ಅನುಮತಿ ಕೊಡಿ. ಅದು ನಾನಾಗಿರಲಿಲ್ಲ ಎಂದು ಫೋನಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಎದುರಿಗೆ ಕೂತರೆ ಹೇಳುವ ಅಗತ್ಯವೇ ಬೀಳಲಿಕ್ಕಿಲ್ಲ.

ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ಕಂಪನಿಗಳನ್ನೆಲ್ಲ ನೋಡಿ ಬಂದ
ನಿಮ್ಮ ಮೊದಲ ವರ್ಷದ ವಿದ್ಯಾರ್ಥಿನಿ