ಎರಡನೆಯವ

ಪಂಜ

ಗೌರವದ ದುಗ್ಗಮ್ಮಕ್ಕನಿಗೆ,

ಪಂಜದ ಚರಿತ್ರೆಯಲ್ಲಿ ಸುವರ್ಣಾಕ್ಷರದಲ್ಲಿ ಬರೆದಿಡಬೇಕಾದ ಸುದ್ದಿ: ನಮ್ಮ ಪಕ್ಷದ ಕಚೇರಿಗೆ ಹೊಸ ಸ್ಟಾಂಪ್ ಪ್ಯಾಡ್ ಬಂದಿದೆ!

ತಾಲೂಕು ಪಂಚಾಯತಿಗೆ ನಮ್ಮ ಅಭ್ಯರ್ಥಿ ಯಾರಾಗಬೇಕೆಂದು ಸದಸ್ಯರೆಲ್ಲ ಚೀಟಿಯಲ್ಲಿ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮ ಬರೆದರು. ಚೀಟಿ ಅಚ್ಚಾದ ಮೇಲೆ ತೀರಿಕೊಂಡ ನಿಮ್ಮ ಯಜಮಾನರು ಕುಕ್ಕಪ್ಪಣ್ಣನ ಹೆಸರನ್ನು ಹೊಡೆದುಹಾಕಲು ಯಾರಿಗೂ ಕೈ ಏಳಲಿಲ್ಲ. ಹೆಚ್ಚಿನವರು ‘ಒಂದು’ ಅವರಿಗೇ ಕೊಟ್ಟರು. ಅವರನ್ನು ಬಿಟ್ಟು ‘ಎರಡು’ ಎಣಿಸಿದಾಗ ನಾನು ಗೆದ್ದೆ. ಒಂದು ಚೀಟಿಯಲ್ಲಿ ಮಾತ್ರ ಒಂದು, ಎರಡು, ಮೂರು ಎಲ್ಲವೂ ಅವರಿಗೇ ಇತ್ತು. ಯಾರದೆಂದು ನಾನು ಕೇಳಲಿಲ್ಲ.

“ಎಂತ ಹೆದರುದು ಮಾರಾಯ್ರೆ? ಕುಕ್ಕಪ್ಪಣ್ಣ ಇನ್ನು ಟಿಕೆಟ್ ಕೇಳ್ಲಿಕ್ಕೆ ಬರುದಿಲ್ಲ,” ಎಂದು ಚೀಟಿ ಎಣಿಸಿದ ರಮ್ಲತ್ ನಕ್ಕಳು. ನನಗೆ ಅಷ್ಟು ಖಾತ್ರಿಯಿಲ್ಲ.

ಯಜಮಾನರು ಬಿಟ್ಟುಹೋದ ಕನ್ನಡಕ ಕಚೇರಿಯ ಮೇಜಿನ ಮೇಲೆ ನನ್ನ ಕುರ್ಚಿಗೆ ಮುಖಮಾಡಿ ಕೂತಿದೆ. ತಿರುಗಿಸಿಡಲು ಧೈರ್ಯವಿಲ್ಲ. ದಯವಿಟ್ಟು ಒಮ್ಮೆ ಬಂದು ತೆಗೆದುಕೊಂಡು ಹೋಗಿ.

ಇತಿ,
ಎರಡನೆಯವ,
ಸುಜಯ್