ತಾನಾಗಿ ತಗ್ಗುವ ಸೀಟು

ತಾರೀಕು ಹದಿನಾಲ್ಕು, ಶನಿವಾರ.

ಇವತ್ತೂ ಇಳಿಜಾರಿನ ಮೇಲೆ ನಾನು ಸೈಕಲ್ಲಿನಿಂದ ಇಳಿದು, ಗುಡ್ಡ ಇಳಿಯುವಾಗ ಮುಗ್ಗರಿಸದಂತೆ, ಸೀಟಿನ ಕ್ಲಾಂಪ್ ಸಡಿಲಿಸಿ ಸೀಟು ತಗ್ಗಿಸುತ್ತಿದ್ದೆ. ತಮ್ಮ ಹ್ಯಾಂಡಲ್ಲಿನ ಗುಂಡಿ ಒತ್ತಿದ, ಕೂತ ಭಾರಕ್ಕೇ ಅವನ ಸೀಟು ತಗ್ಗಿತು. ಆಮೇಲೆ ಸರ್ರನೆ ಇಳಿದುಹೋಗಿ ಕೆಳಗೆ ನನಗಾಗಿ ಕಾಯುತ್ತಾ ನಿಂತ. ಹೊಟ್ಟೆ ಉರಿದದ್ದು ಅದಕ್ಕೇ. ಅವನಿಗೆ ಗುಡ್ಡ ಇಳಿಯಲು ಕಲಿಸಿದವನೇ ನಾನು.

ಸಂಜೆ ಮೆಕ್ಯಾನಿಕ್ ಹತ್ತಿರ ಹೋಗಿ, ನನಗೂ ತಮ್ಮನದರಂಥ ಸೀಟೇ ಬೇಕು, ಗುಂಡಿಯ ವೈರು ಫ್ರೇಮಿನ ಒಳಗೇ ಹೋಗಬೇಕು ಎಂದೆ.

"ನಿಮ್ಮ ಹಳೇ ಫ್ರೇಮಲ್ಲಿ ತೂತೇ ಇಲ್ವಲ್ಲ ಸಾರ್."

"ಡ್ರಿಲ್ ಹೊಡಿ."

"ಸೀಳ್ ಬಿಡುತ್ತೆ. ವೈರು ಹೊರಗಿರೋದೇ ಹಾಕ್ಸಿ. ಸೀಟಿನ ಬುಡಕ್ಕೆ ಕಟ್ಟಿರೋದು ಮಾತ್ರ ಬೇಡ, ಸೀಟ್ ಇಳಿದಾಗೆಲ್ಲ ವೈರು ಜೋತುಬಿದ್ದು ಟೈರಿಗೆ ಉಜ್ಜುತ್ತೆ. ಕೆಳಗಿನ ಪೈಪಿನ ಕತ್ತಿಗೆ ಕಟ್ಟಿರೋದು ಸೀಟ್ ಇಳಿದ್ರೂ ಅಲ್ಲಾಡಲ್ಲ."

ಅದನ್ನೇ ತರಿಸಲು ಹೇಳಿದೆ. ಒಳ್ಳೆಯ ಆಯ್ಕೆಯೇ. ಆದರೆ ತಮ್ಮನಿಗೆ ಹೇಳಲಿಲ್ಲ. "ಚೆನ್ನಾಗಿದೆ ಅಣ್ಣಾ" ಅಂದುಬಿಡುತ್ತಾನೆ, ನನ್ನಿಂದ ಕೇಳಲಾಗದು.

ಮನೆಗೆ ಬಂದವನೇ ಶೆಡ್ಡಿನಲ್ಲಿ ಅವನ ಸೀಟನ್ನು ಪೂರ್ತಿ ತಗ್ಗಿಸಿಟ್ಟೆ, ಬೆಳಿಗ್ಗೆ ಪರದಾಡಲಿ ಎಂದು. ಊಟಕ್ಕೆ ಕೂತ ಮೇಲೆ ಹೊಳೆಯಿತು. ಅವನು ಗುಂಡಿ ಒತ್ತುತ್ತಾನೆ, ಅದು ತಾನಾಗಿ ಮೇಲೇಳುತ್ತದೆ. ಯಾರೋ ತಗ್ಗಿಸಿದ್ದರೆಂಬುದು ಅವನ ಗಮನಕ್ಕೂ ಬರುವುದಿಲ್ಲ.